ಹನುಮಕ್ಕನ ಗೈರುಹಾಜರಿ

ನನ್ನ ಹುದ್ದೆಯ ಹೆಸರು ನನ್ನ ಸಂಬಳಕ್ಕಿಂತ ಉದ್ದ. ಸಿಸ್ಟಂ ಅಡ್ಮಿನಿಸ್ಟ್ರೇಟರ್ ಕಂ ಸಾಫ್ಟ್‌ವೇರ್ ಡೆವಲಪರ್ ಎಂದು ಕೊರಳಿನ ಕಾರ್ಡಿನಲ್ಲಿ ಎರಡು ಸಾಲಾಗಿ ಅಚ್ಚಾಗಿದೆ. ಪ್ರಿಂಟರಿನಲ್ಲಿ ಸಿಕ್ಕಿಕೊಂಡ ಹಾಳೆ ಎಳೆಯುವುದು, ಯುಪಿಎಸ್ ಬ್ಯಾಟರಿಗೆ ನೀರು ಹಾಕುವುದು, ಯಜಮಾನರ ಮೊಮ್ಮಗಳ ಶಾಲೆ ಪ್ರಾಜೆಕ್ಟಿಗೆ ಸೌರಮಂಡಲದ ಚಿತ್ರ ಹುಡುಕಿಕೊಡುವುದು ಎಲ್ಲವೂ ಆ ಎರಡು ಸಾಲಿನ ನಡುವೆ ಎಲ್ಲೋ ಸೇರಿಕೊಂಡಿದೆ. ತುರುವೇಕೆರೆಯ ನಮ್ಮ ಬೀದಿಯಲ್ಲಿ ಮಾತ್ರ ನಾನು ಸಾಫ್ಟ್‌ವೇರ್ ಇಂಜಿನಿಯರ್. ನನ್ನಮ್ಮ ಹಾಗಂತ ಸಾರಿಕೊಂಡು ಬಂದಿದ್ದಾಳೆ. ಬಿಸಿಎ ಎಂಬ ಮೂರಕ್ಷರದಲ್ಲಿ ಇಂಜಿನಿಯರ್ ಎಲ್ಲಿದ್ದಾನೆ ಎಂದು ಯಾರೂ ಕೇಳದಿರುವುದರಿಂದ ನಾನೂ ತಿದ್ದಲು ಹೋಗಿಲ್ಲ.

ಕೆಲಸ ಇರುವುದು ತಿಪಟೂರಿನಿಂದ ಹೊನ್ನವಳ್ಳಿಗೆ ಹೋಗುವ ರಸ್ತೆ ಪಕ್ಕದ ಒಂದು ಕಾಯಿಪುಡಿ ಫ್ಯಾಕ್ಟರಿಯಲ್ಲಿ. ಬಲಿತ ತೆಂಗಿನಕಾಯಿಯ ಚಿಪ್ಪು ಬಿಡಿಸಿ, ಒಳಗಿನ ಗುಂಡಗಿನ ಕಾಯಿಯ ಮೇಲಿರುವ ಕಂದು ಸಿಪ್ಪೆ ಹೆರೆದು, ಬೆಳ್ಳಗಾದದ್ದನ್ನು ತೊಳೆದು, ಪುಡಿ ಮಾಡಿ, ಒಣಗಿಸಿ ಚೀಲಕ್ಕೆ ತುಂಬುತ್ತಾರೆ. ಬಿಸ್ಕತ್ತು ಮಾಡುವವರು ಕೊಳ್ಳುತ್ತಾರೆ. ಪುಡಿ ಮಾಡಲು ಮೆಷಿನ್ ಇದೆ, ಒಣಗಿಸಲು ಮೆಷಿನ್ ಇದೆ. ಸಿಪ್ಪೆ ಹೆರೆಯಲು ಹೆಂಗಸರಿದ್ದಾರೆ.

ಆ ಹೆಂಗಸರಲ್ಲಿ ಒಬ್ಬಳು ಹನುಮಕ್ಕ. ವಯಸ್ಸು ಕೇಳಿದರೆ, "ಫ್ಯಾಕ್ಟ್ರಿಗಿಂತ ದೊಡ್ಡೋಳು, ಯಜಮಾನ್ರಿಗಿಂತ ಚಿಕ್ಕೋಳು, ನಡುವೆ ಎಲ್ಲಾದ್ರೂ ಬರ್ಕೊ," ಎನ್ನುತ್ತಿದ್ದಳು. ಅವಳು ಕೆಲಸಕ್ಕೆ ಸೇರಿದಾಗ ಇಲ್ಲಿ ಗೋಡೆಯೂ ಇರಲಿಲ್ಲವಂತೆ. ನಾಲ್ಕು ಕಂಬದ ಮೇಲೆ ತಗಡು, ಕೆಳಗೆ ಕಾಯಿ ರಾಶಿ. ಎರಡು ಕಂಬದ ನಡುವೆ ಹಳೇ ಸೀರೆ ಕಟ್ಟಿ ಮಗಳನ್ನು ಮಲಗಿಸಿ, ಕಾಲಲ್ಲಿ ತೂಗುತ್ತ ಕೈಯಲ್ಲಿ ಹೆರೆಯುತ್ತಿದ್ದಳು. ಆ ಮಗಳು ಈಗ ಸಂಪಿಗೆ ಎಂಬ ಊರಿನಲ್ಲಿ ಸೊಸೆಯಾಗಿ ತನ್ನ ಮಗುವನ್ನು ತೂಗುತ್ತಿದ್ದಾಳೆ. ತಾಯಿ ಇನ್ನೂ ಹೆರೆಯುತ್ತಿದ್ದಳು.

ಗಂಡ ರೇವಣ್ಣ ಕೊಬ್ಬರಿ ಚೀಲ ಹೊರುತ್ತಿದ್ದವನು. ಲಾರಿ ಹಲಗೆ ಜಾರಿ ಚೀಲದ ಸಮೇತ ಬಿದ್ದು ಸೊಂಟ ಮುರಿದುಕೊಂಡ. ಅಂದಿನಿಂದ ಮಂಚವೇ ಅವನ ಊರು. ಆಪರೇಷನ್ ಮಾಡಿದರೆ ಕೋಲು ಹಿಡಿದು ನಡೆಯಬಹುದು ಎಂದು ತುಮಕೂರಿನ ಡಾಕ್ಟರು ಹೇಳಿದ್ದರು. ಖರ್ಚು ಹನುಮಕ್ಕನ ಏಳು ಜನ್ಮದ ಸಂಪಾದನೆಗೂ ನಿಲುಕುವಂಥದ್ದಲ್ಲ. ಆದರೆ ನಮ್ಮ ಫ್ಯಾಕ್ಟರಿಯ ಖಾಯಂ ಹೆಂಗಸರಿಗೆ ಕಂಪನಿ ಕಡೆಯಿಂದ ಒಂದು ಆಸ್ಪತ್ರೆ ಕಾರ್ಡು ಇತ್ತು. ಅದರಲ್ಲಿ ಗಂಡನ ಆಪರೇಷನ್ನೂ ಸೇರುತ್ತಿತ್ತು. ಕಂಟ್ರಾಕ್ಟಿನ ಮೇಲೆ ಬರುವವರಿಗೆ ಕಾರ್ಡಿಲ್ಲ. ಹನುಮಕ್ಕ ವರ್ಷಗಟ್ಟಲೆ ಓಡಾಡಿ, ಸಹಿ ಹಾಕಿಸಿ, ಕೊನೆಗೂ ಆಪರೇಷನ್ನಿಗೆ ಒಂದು ಗುರುವಾರ ಗೊತ್ತು ಮಾಡಿಸಿದ್ದಳು. ಷೆಡ್ಡಿನಲ್ಲಿ ಎಲ್ಲರಿಗೂ ಆ ಗುರುವಾರ ಬಾಯಿಪಾಠವಾಗಿತ್ತು.

"ನಮ್ಮನೆಯೋರು ಎದ್ದು ನಿಂತ್ರೆ ಮೊದ್ಲು ಏನ್ ಮಾಡ್ತಾರೆ ಗೊತ್ತಾ ಕಂಪ್ಯೂಟ್ರಪ್ಪ?" ಎಂದು ನನ್ನನ್ನು ಕೇಳಿದ್ದಳು.

"ಏನ್ ಮಾಡ್ತಾರೆ?"

"ನನ್ನ ಜೊತೆ ಜಗಳ. ಮಲಗಿದ್ದೋನ ಜೊತೆ ಜಗಳ ಆಡಕ್ಕೆ ನಂಗೆ ಮನಸೇ ಬರಲ್ಲ ಕಣಪ್ಪ. ಎಷ್ಟು ವರ್ಷದ್ದು ಬಾಕಿ ಉಳಿದೈತೆ."

ನಾನು ಷೆಡ್ಡಿನವರಿಗೆ ಪರಿಚಯವಾದದ್ದು ಅವರ ಬೆರಳುಗಳ ಮೂಲಕ. ಹಾಜರಿಗೆಂದು ಹೆಬ್ಬೆಟ್ಟಿನ ಮೆಷಿನ್ ತಂದಿದ್ದರು. ಅದು ಒಬ್ಬ ಹೆಂಗಸಿನ ಬೆರಳನ್ನೂ ಒಪ್ಪಲಿಲ್ಲ. ಕಾಯಿನೀರಿನಲ್ಲಿ ನೆನೆದು, ಚಾಕುವಿಗೆ ಸವೆದು, ಅವರ ಬೆರಳಿನಲ್ಲಿ ಗೆರೆಯೇ ಉಳಿದಿರಲಿಲ್ಲ. ಒರೆಸಿಕೊಂಡು ಒತ್ತಿದರೂ ಕೆಂಪು ದೀಪ, ಅರಿಶಿನ ಸವರಿಕೊಂಡು ಒತ್ತಿದರೂ ಕೆಂಪು ದೀಪ. ಆಗ ಯಜಮಾನರ ಮಗ ಮೋಕ್ಷಿತ್ ಮುಖ ನೋಡಿ ಗುರುತು ಹಿಡಿಯುವ ಹಾಜರಿ ಮಾಡು ಎಂದ. ನಮ್ಮ ಫ್ಯಾಕ್ಟರಿಗೆ ನಾನೇ ಮಾಡಿಟ್ಟಿದ್ದ ಒಂದು ವೆಬ್ ಆಪ್ ಇತ್ತು. ದಾಸ್ತಾನು, ರವಾನೆ, ಹೊರದೇಶದ ಗಿರಾಕಿಗಳ ಲಾಗಿನ್ ಎಲ್ಲ ಅದರಲ್ಲೇ. ಅದಕ್ಕೇ ಹಾಜರಿಯ ಪುಟವನ್ನೂ ಸೇರಿಸಿದೆ. ಗೇಟಿನ ಕಂಬಕ್ಕೆ ಒಂದು ಟ್ಯಾಬ್ ಕಟ್ಟಿದೆವು. ಎದುರು ನಿಂತರೆ ಮುಖದ ಸುತ್ತ ಹಸಿರು ಚೌಕ, ಕೆಳಗೆ ಹೆಸರು. ಮೂರು ದಿನ ಹೇಳದೆ ಕೇಳದೆ ಗೈರಾದರೆ ಖಾಯಂ ಪಟ್ಟಿಯಿಂದ ಹೆಸರು ತಾನಾಗಿ ಹೋಗಬೇಕು ಎಂದು ಮೋಕ್ಷಿತ್ ಹೇಳಿದ. ಅದನ್ನೂ ಬರೆದುಕೊಟ್ಟೆ. ನನ್ನ ಕೋಡ್ ಕೆಲಸ ಮಾಡುವುದೇ ಅಪರೂಪವಾದ್ದರಿಂದ ಇದೂ ಮಾಡಲಾರದು ಎಂದುಕೊಂಡಿದ್ದೆ.

ಹೊರದೇಶದ ಒಂದು ಬಿಸ್ಕತ್ತು ಕಂಪನಿ ವರ್ಷವಿಡೀ ಮಾಲು ಕೊಳ್ಳುವುದಾಗಿ ಹೇಳಿ ಆಡಿಟ್ಟಿಗೆ ಜನ ಕಳಿಸುತ್ತೇನೆಂದದ್ದು ಆಮೇಲೆ. ಅವರು ಕಳಿಸಿದ ಷರತ್ತುಗಳಲ್ಲಿ ತಲೆಗೆ ಟೋಪಿ, ಉಗುರಿನ ಉದ್ದ, ಚಾಕುಗಳ ಲೆಕ್ಕ ಎಲ್ಲ ಇತ್ತು. ಜೊತೆಗೆ, ನಿಮ್ಮ ವೆಬ್ ಆಪ್‌ನ ಸೆಕ್ಯುರಿಟಿ ಹೆಡರ್‌ಗಳಿಗೆ ಎ ಗ್ರೇಡ್ ಇರಬೇಕು ಎಂದೂ ಇತ್ತು. ಪರೀಕ್ಷಿಸುವ ಸೈಟಿಗೆ ನಮ್ಮ ವಿಳಾಸ ಹಾಕಿದರೆ ದೊಡ್ಡ ಕೆಂಪಕ್ಷರದಲ್ಲಿ ಎಫ್ ಬಂತು. ಕಾಲೇಜು ಮುಗಿದ ಮೇಲೆ ಆ ಅಕ್ಷರ ಕಂಡು ನನಗೆ ತವರಿನವರು ಸಿಕ್ಕ ಹಾಗಾಯಿತು.

ಹೆಡರ್ ಎಂದರೇನು ಎಂದು ಹೇಳಿಬಿಡುತ್ತೇನೆ. ವೆಬ್ ಪುಟ ಸರ್ವರ್‌ನಿಂದ ಹೊರಡುವಾಗ, ನೋಡುವವರಿಗೆ ಕಾಣದ ಕೆಲವು ಸಾಲುಗಳು ಅದರ ಮುಂದೆ ಹೋಗುತ್ತವೆ. ಕೊಬ್ಬರಿ ಚೀಲದ ಬಾಯಿಗೆ ಹೊಲಿದ ಚೀಟಿ ಇದ್ದ ಹಾಗೆ. ಚೀಟಿಯನ್ನು ಯಾರೂ ತಿನ್ನುವುದಿಲ್ಲ, ಆದರೆ ಚೀಲ ಇಳಿಸಿಕೊಳ್ಳುವವನು ಅದು ಹೇಳಿದಂತೆ ಕೇಳುತ್ತಾನೆ. ಇಲ್ಲಿ ಇಳಿಸಿಕೊಳ್ಳುವವನು ಬ್ರೌಸರ್. ಈ ಪುಟವನ್ನು ಬೇರೆಯವರ ಪುಟದೊಳಗೆ ಕೂರಿಸಬೇಡ, ಇದಕ್ಕೆ ಮೈಕ್ ಕೊಡಬೇಡ, ಕ್ಯಾಮೆರಾ ಕೊಡಬೇಡ ಎಂದೆಲ್ಲ ಚೀಟಿಯಲ್ಲಿ ಬರೆಯಬಹುದು. ಪುಟಕ್ಕೊಂದು ಬೇರೆ ಚೀಟಿ ಹಾಕಬಹುದು. ಇಲ್ಲವೇ ಸರ್ವರ್‌ನ ಬಾಗಿಲಲ್ಲಿ ಒಂದೇ ಕಡೆ ಬರೆದು, ಹೊರಡುವ ಪ್ರತಿ ಪುಟಕ್ಕೂ ತಾನಾಗಿ ಅಂಟುವಂತೆ ಮಾಡಬಹುದು. ಬಲ್ಲವರು ಮಾಡುವುದು ಎರಡನೆಯದನ್ನೇ. ಹಾಗೆ ಮಾಡಿದರೆ ಯಾವ ಪುಟವೂ ಮರೆತುಹೋಗುವುದಿಲ್ಲ. ಯಾವುದಕ್ಕೆ ವಿನಾಯಿತಿ ಬೇಕು ಎಂದು ಮೊದಲೇ ಕೂತು ಯೋಚಿಸಬೇಕು, ಅಷ್ಟೆ.

ಕೂತು ಯೋಚಿಸಲು ನಾನು ಎರಡು ದಿನ ಕೇಳಿದೆ. ಮೋಕ್ಷಿತ್‌ಗೆ ಅಷ್ಟು ಪುರುಸೊತ್ತಿರಲಿಲ್ಲ. ಅವನು ಬೆಂಗಳೂರಿನಲ್ಲಿ ಎಂಬಿಎ ಮುಗಿಸಿ ಬಂದವನು. ಇಂಟರ್ನೆಟ್ಟಿನಲ್ಲಿ ಯಾರೋ ಬರೆದಿಟ್ಟಿದ್ದ ಹತ್ತಾರು ಸಾಲನ್ನು ತಾನೇ ಎತ್ತಿ ತಂದು, ನನ್ನ ಕುರ್ಚಿಯಲ್ಲಿ ಕೂತು, ಸರ್ವರ್‌ನ ಬಾಗಿಲಿಗೆ ಅಂಟಿಸಿದ.

"ಇಡೀ ಆಪ್‌ಗೆ ಒಂದೇ ಸಲ. ನೋಡು, ಎರಡು ನಿಮಿಷದ ಕೆಲಸ. ನೀನು ಎರಡು ದಿನ ಕೇಳ್ತೀಯ," ಎಂದ.

ಪರೀಕ್ಷೆಯ ಸೈಟಿನಲ್ಲಿ ಕೆಂಪು ಎಫ್ ಹೋಗಿ ಹಸಿರು ಎ ಬಂತು. ಮೋಕ್ಷಿತ್ ಲಾಡು ತರಿಸಿದ. ನಾನೂ ಚಪ್ಪಾಳೆ ತಟ್ಟಿದೆ, ಎರಡು ಲಾಡು ತಿಂದೆ. ಅಂಟಿಸಿದ ಸಾಲುಗಳನ್ನು ಓದುವುದು ಬಿಟ್ಟು ಮೂರನೆಯ ಲಾಡಿನ ಮೇಲೆ ಕಣ್ಣಿಟ್ಟಿದ್ದೆ.

ಮರುದಿನ ಬೆಳಿಗ್ಗೆ ಆಡಿಟ್ಟಿನವರು ಬರುವ ಹೊತ್ತಿಗೆ ಗೇಟಿನ ಟ್ಯಾಬ್ ಕಪ್ಪಗಿತ್ತು. ಹೆಂಗಸರ ಸಾಲು ರಸ್ತೆಯವರೆಗೂ ನಿಂತಿತ್ತು. ಸೂಪರ್‌ವೈಸರ್ ಆಂಜನಪ್ಪ ನನ್ನನ್ನು ಕೂಗಿದ.

"ಏನ್ಲಾ ನಿನ್ ಮೆಷಿನ್ನು? ಯಾರ ಮಕಾನೂ ಬ್ಯಾಡ ಅಂತ ಕುಂತೈತೆ."

ನಾನು ನನ್ನ ವಿದ್ಯೆಯನ್ನೆಲ್ಲ ಬಳಸಿದೆ. ಅಂದರೆ ಕ್ಯಾಮೆರಾದ ಕಣ್ಣನ್ನು ಅಂಗಿಯ ಚುಂಗಿನಿಂದ ಒರೆಸಿದೆ. ಟ್ಯಾಬನ್ನು ಆರಿಸಿ ಹೊತ್ತಿಸಿದೆ. ಚಾರ್ಜರಿನ ವೈರು ಅಲ್ಲಾಡಿಸಿದೆ.

"ಊದು ಕಣಪ್ಪ, ಒಲೆ ಊದ್ದಂಗೆ ಒಂದ್ಕಿತ ಊದು," ಎಂದಳು ಹನುಮಕ್ಕ ಸಾಲಿನ ಮುಂದೆ ನಿಂತು. ಊದಿದೆ ಕೂಡ.

ತಿಂಡಿ ಹೊತ್ತು ಮೀರಿದ ಮೇಲೆ ನನಗೆ ಹೊಳೆಯಿತು. ಮೋಕ್ಷಿತ್ ಅಂಟಿಸಿದ್ದರಲ್ಲಿ ಒಂದು ಸಾಲು, ಕ್ಯಾಮೆರಾ ಯಾವ ಪುಟಕ್ಕೂ ಕೊಡಬೇಡ ಎಂದು ಬ್ರೌಸರ್‌ಗೆ ಹೇಳುವಂಥದ್ದು. ಇಡೀ ಆಪ್‌ಗೆ ಅಂಟಿದ್ದು ಹಾಜರಿಯ ಪುಟಕ್ಕೂ ಅಂಟಿತ್ತು. ಟ್ಯಾಬ್ ಕೆಟ್ಟಿರಲಿಲ್ಲ. ಹೇಳಿದ ಮಾತು ಕೇಳುತ್ತಿತ್ತು.

ಓಡಿಹೋಗಿ ಮೋಕ್ಷಿತ್‌ಗೆ ಹೇಳಿದೆ. "ಸಾರ್, ಹಾಜರಿ ಪುಟ ಒಂದಕ್ಕೆ ಮಾತ್ರ ಕ್ಯಾಮೆರಾ ಬಿಟ್ಟುಕೊಡೋಣ. ಒಂದು ಸಾಲು. ಗ್ರೇಡ್ ಹಾಗೇ ಇರುತ್ತೆ."

"ಆಡಿಟ್ ಮುಗಿಯೋವರೆಗೂ ಸರ್ವರ್ ಮುಟ್ಟಬೇಡ."

"ಗ್ರೇಡ್ ಇಳಿಯಲ್ಲ ಸಾರ್."

"ನೀನು ಎಫ್ ತಗೊಂಡೋನು, ನಾನು ಎ ತಂದೋನು. ಯಾರ ಮಾತು ಕೇಳ್ಬೇಕು?"

ಮೂರು ದಿನದ ಆಡಿಟ್ಟು ಮುಗಿಯುವವರೆಗೆ ಆಂಜನಪ್ಪನೇ ನೋಡಿ ತನ್ನ ಫೋನಿನಿಂದ ಆಪ್‌ನಲ್ಲಿ ಹಾಜರಿ ಒತ್ತಲಿ ಎಂದು ತೀರ್ಮಾನವಾಯಿತು.

ಆಂಜನಪ್ಪ ನೋಡುವ ಕ್ರಮವೇ ಬೇರೆ. ಅವನು ಹೆಂಗಸರ ಮುಖ ನೋಡುವುದಿಲ್ಲ, ಮೊಳೆ ನೋಡುತ್ತಾನೆ. ಷೆಡ್ಡಿನ ಗೋಡೆಯುದ್ದಕ್ಕೂ ಮೊಳೆ ಹೊಡೆದಿದೆ. ಒಂದೊಂದು ಮೊಳೆಯ ಕೆಳಗೂ ಒಬ್ಬಳ ಹೆಸರು. ಸಂಜೆ ಫ್ಯಾಕ್ಟರಿಯ ಚಾಕು ತೊಳೆದು ತಂತಮ್ಮ ಮೊಳೆಗೆ ನೇತುಹಾಕಿ ಹೋಗಬೇಕು, ಬೆಳಿಗ್ಗೆ ಬಂದು ತೆಗೆದುಕೊಳ್ಳಬೇಕು. ಚಾಕು ಪುಡಿಯೊಳಗೆ ಬಿದ್ದರೆ ಗೊತ್ತಾಗಲಿ ಎಂದು ಮಾಡಿದ ಏರ್ಪಾಡು. ಮೊಳೆ ಖಾಲಿ ಇದ್ದರೆ ಅವಳು ಬಂದಿದ್ದಾಳೆ, ಚಾಕು ನೇತಾಡುತ್ತಿದ್ದರೆ ಬಂದಿಲ್ಲ. ಬಾಗಿಲಲ್ಲಿ ನಿಂತು ಒಂದು ಸಲ ಗೋಡೆ ನೋಡಿದರೆ ಅವನ ಹಾಜರಿ ಮುಗಿಯಿತು. ಮುಖದ ಕ್ಯಾಮೆರಾ ಬರುವ ಮೊದಲು ಆ ಗೋಡೆಯನ್ನು ನೋಡಿ, ಜೊತೆಗೆ ಒಂದು ಸಲ ಹೆಸರನ್ನೂ ಕೂಗುತ್ತಿದ್ದ. ಆಡಿಟ್ಟಿನ ಗಡಿಬಿಡಿಯಲ್ಲಿ ಕೂಗುವುದನ್ನು ಬಿಟ್ಟ.

ಹನುಮಕ್ಕನ ಮೊಳೆಯ ಮೇಲೆ ಚಾಕು ಸದಾ ನೇತಾಡುತ್ತಿತ್ತು. ಅವಳು ಅದನ್ನು ಮುಟ್ಟಿದ್ದೇ ಇಲ್ಲ. ಹೊನ್ನವಳ್ಳಿಯ ಕುಲುಮೆಯಲ್ಲಿ ಹೊಡೆಸಿ, ಹಿಡಿಗೆ ಬಟ್ಟೆ ಸುತ್ತಿದ್ದ ಸ್ವಂತ ಚಾಕುವೊಂದು ಅವಳ ಸೊಂಟದಲ್ಲಿರುತ್ತಿತ್ತು. ಫ್ಯಾಕ್ಟರಿಯ ಚಾಕು ತನ್ನ ಅಂಗೈಗೆ ಗುಳ್ಳೆ ಬರಿಸುತ್ತದೆ ಎನ್ನುತ್ತಿದ್ದಳು. ಸ್ವಂತ ಚಾಕು ತರಬಾರದೆಂಬ ನಿಯಮ ಇತ್ತು. ಅವಳ ಬುಟ್ಟಿ ಎಲ್ಲರಿಗಿಂತ ಮೊದಲು ತುಂಬುತ್ತಿದ್ದುದರಿಂದ ಆ ನಿಯಮ ಅವಳ ಹತ್ತಿರ ಬಂದಾಗ ಆಂಜನಪ್ಪ ಕೆಮ್ಮಿ ಮುಂದೆ ಹೋಗುತ್ತಿದ್ದ.

ಆ ಮೂರು ದಿನವೂ ಹನುಮಕ್ಕ ತನ್ನ ಜಾಗದಲ್ಲಿ ಕೂತು ಹೆರೆದಳು. ಆಡಿಟ್ಟಿನವರು ಷೆಡ್ಡಿಗೆ ಬಂದಾಗ ಅವಳನ್ನು ನೀರಿನ ತೊಟ್ಟಿ ಹಿಂದೆ ಕಳಿಸಿದರು, ಚಾಕು ಕಾಣಬಾರದೆಂದು. ಕಳಿಸಿದವನು ಆಂಜನಪ್ಪನೇ. ಹಾಗೆ ಕಳಿಸಿ ಬಂದು, ಗೋಡೆ ನೋಡಿ, ಹನುಮಕ್ಕ ಗೈರು ಎಂದು ಒತ್ತಿದ. ಅವನಿಗೆ ಅವಳ ಮೇಲೆ ಸಿಟ್ಟಿತ್ತೋ, ಇಲ್ಲ ಕೈಗೆ ಬಂದ ಅಭ್ಯಾಸ ಮಾತ್ರವೋ, ನಾನು ಹೇಳಲಾರೆ. ಒಮ್ಮೆ ಮರೆಯಬಹುದು. ಮೂರು ದಿನ ಮರೆಯಲು ಸ್ವಲ್ಪ ಮನಸ್ಸೂ ಬೇಕು.

ಆಡಿಟ್ಟಿನವರು ಎಳನೀರು ಕುಡಿದು, ಪಾಸು ಎಂದು ಹೇಳಿ ಹೋದರು. ಆ ಸಂಜೆಯೇ ಮೋಕ್ಷಿತ್ ನನಗೆ ಅಪ್ಪಣೆ ಕೊಟ್ಟ, ನಾನು ಹಾಜರಿಯ ಪುಟಕ್ಕೆ ಕ್ಯಾಮೆರಾ ಬಿಟ್ಟುಕೊಟ್ಟೆ. ಗ್ರೇಡ್ ಎ ಹಾಗೇ ಉಳಿಯಿತು. ಸೋಮವಾರ ಬೆಳಿಗ್ಗೆ ಟ್ಯಾಬ್ ಕಣ್ಣು ಬಿಟ್ಟಿತ್ತು. ಹೆಂಗಸರು ಒಬ್ಬೊಬ್ಬರಾಗಿ ಹಸಿರು ಚೌಕದಲ್ಲಿ ಮುಖ ತೋರಿಸಿ ಒಳಗೆ ಹೋದರು. ಹನುಮಕ್ಕ ನಿಂತಾಗ ಚೌಕ ಕೆಂಪಾಯಿತು. ಹೆಸರು ಸರಿಯಾಗಿಯೇ ಬಂತು. ಕೆಳಗೆ, "ಪಟ್ಟಿಯಿಂದ ತೆಗೆಯಲಾಗಿದೆ" ಎಂದಿತ್ತು. ಆ ಕನ್ನಡ ನನ್ನದೇ.

ಯಜಮಾನ ಏಕಾಂತಯ್ಯನವರ ಕೋಣೆಯಲ್ಲಿ ಪಂಚಾಯ್ತಿ ಸೇರಿತು. ಅವರು ಹಣೆ ತುಂಬ ವಿಭೂತಿ ಹಚ್ಚಿ, ತಣ್ಣಗೆ ಮಾತಾಡುವವರು. ಕೂಗಾಡುವುದನ್ನು ಅವರು ಮಗನಿಗೂ ಕಲಿಸಿರಲಿಲ್ಲ. ಬಾಗಿಲಾಚೆ ಹೆಂಗಸರು ಗುಂಪು ಕಟ್ಟಿದ್ದರು.

"ಮೂರ್ ದಿನಾನೂ ಬಂದಿವ್ನಿ ಸ್ವಾಮಿ. ಆಂಜನಪ್ಪಾರೇ ತೊಟ್ಟಿ ಹಿಂದಕ್ಕೆ ಕಳಿಸವ್ರೆ, ಕೇಳಿ," ಎಂದಳು ಹನುಮಕ್ಕ.

ಆಂಜನಪ್ಪ ನೆಲ ನೋಡಿದ. "ಮೊಳೆ ಮೇಲೆ ಚಾಕು ಹಂಗೇ ಇತ್ತು ಯಜಮಾನ್ರೇ. ನಾನು ಕಂಡದ್ದು ಅಷ್ಟೇಯ."

"ನನ್ ಚಾಕಲ್ಲಿ ನಾನು ಹೆರೀತೀನಿ ಅಂತ ಇಡೀ ಷೆಡ್ಡಿಗೆ ಗೊತ್ತಲ್ಲ!"

ಮೋಕ್ಷಿತ್ ನಕ್ಕ. "ಹನುಮಕ್ಕ, ಯೋಚನೆ ಮಾಡಿ ಮಾತಾಡು. ಫ್ಯಾಕ್ಟರಿ ಚಾಕು ಮುಟ್ಟಿಲ್ಲ ಅಂದ್ರೆ ನೀನು ಬಂದಿಲ್ಲ. ಬಂದಿದ್ದೆ ಅಂದ್ರೆ, ಆಡಿಟ್ ನಡೆಯೋವಾಗ ಹೊರಗಿನ ಚಾಕು ತಂದಿದ್ದೆ. ಅದಕ್ಕೆ ಗೈರಿಗಿಂತ ದೊಡ್ಡ ಶಿಕ್ಷೆ ಇದೆ. ಯಾವುದು ಬೇಕು?"

ಷೆಡ್ಡಿನೊಳಗೆ ಸಿಸಿ ಕ್ಯಾಮೆರಾ ಇದ್ದಿದ್ದರೆ ಒಂದು ಮಾತಿತ್ತು. ಹಿಂದೆ ಒಂದು ಇಟ್ಟಿದ್ದರು. ಸೀರೆ ಎತ್ತಿ ಕಟ್ಟಿಕೊಂಡು ಕೂರುವ ಕಡೆ ಕ್ಯಾಮೆರಾ ಏತಕ್ಕೆ ಎಂದು ಗಲಾಟೆ ಮಾಡಿ ತೆಗೆಸಿದವಳು ಈ ಹನುಮಕ್ಕನೇ. ಮೋಕ್ಷಿತ್ ಅದನ್ನೂ ನೆನಪಿಸಿದ.

ಏಕಾಂತಯ್ಯನವರು ಬಾಗಿಲ ಕಡೆ ನೋಡಿದರು. "ಕೆಂಪಕ್ಕ, ಬಾರಮ್ಮ. ನೀನು ಇವಳ ಪಕ್ಕದಲ್ಲೇ ಕೂರೋದು. ಇದ್ಲೇನು?"

ಕೆಂಪಕ್ಕ ಸೆರಗು ಹೊದ್ದು ಒಳಗೆ ಬಂದಳು. ಹನುಮಕ್ಕನ ಮಗಳ ಬಾಣಂತನದಲ್ಲಿ ಹದಿನೈದು ದಿನ ಸಂಪಿಗೆಯಲ್ಲಿದ್ದು ಬಂದವಳು ಇವಳು. ಬಾಯಿ ತೆರೆಯುವ ಮೊದಲೇ ಮೋಕ್ಷಿತ್ ಹೇಳಿದ.

"ಇದ್ಲು ಅಂದ್ರೆ, ಹೊರಗಿನ ಚಾಕು ನೋಡ್ಕೊಂಡು ನೀನು ಸುಮ್ನಿದ್ದೆ ಅಂತಾಯ್ತು. ಗೊತ್ತಿರಲಿ."

ಕೆಂಪಕ್ಕ ತನ್ನ ಬೆರಳು ನೋಡಿಕೊಂಡಳು. "ನಾನು ಕಾಯಿ ನೋಡ್ತಿದ್ದೆ ಸ್ವಾಮಿ. ಪಕ್ಕದೋರ ಮಕ ನೋಡ್ಕಂಡು ಕುಂತ್ರೆ ಬೆಳ್ಳು ಉಳೀತದಾ?"

ಆಗ ನನ್ನೊಳಗಿನ ಇಂಜಿನಿಯರ್ ಎದ್ದು ನಿಂತ. "ಸಾರ್, ಕ್ಯಾಮೆರಾ ಬಂದ್ ಆಗಿದ್ದು ನಮ್ಮ ಹೆಡರ್‌ನಿಂದ. ಆ ಮೂರು ದಿನದ ಹಾಜರಿಯನ್ನೇ ನಂಬೋ ಹಾಗಿಲ್ಲ," ಎಂದೆ. ನನ್ನ ಜೀವಮಾನದಲ್ಲಿ ಅಷ್ಟು ಸ್ಪಷ್ಟವಾಗಿ ಮಾತಾಡಿದ್ದು ಅದೇ ಮೊದಲು.

"ಸರಿ," ಎಂದ ಮೋಕ್ಷಿತ್, ಬಾಗಿಲಾಚೆಗೂ ಕೇಳುವಂತೆ. "ಹಾಗಾದ್ರೆ ಮೂರೂ ದಿನದ ಹಾಜರಿ, ಕೂಲಿ ಎಲ್ಲರದ್ದೂ ಕ್ಯಾನ್ಸಲ್ ಮಾಡ್ತೀನಿ. ಎಲ್ಲರಿಗೂ ಒಂದೇ ರೂಲು. ಆಗ್ಬಹುದಾ?"

ಹೊರಗೆ ಗುಜುಗುಜು ಎದ್ದಿತು. "ಯಾವೋನ್ಲಾ ಅವ್ನು, ನಮ್ ಹೊಟ್ಟೆ ಮೇಲೆ ಹೊಡಿಯಕ್ಕೆ ಬಂದೋನು?" ಎಂದು ಯಾರೋ ಕೂಗಿದಳು. "ಅವ್ಳ ಜೊತೆ ನಮ್ಮನ್ನೂ ಮುಳುಗಿಸ್ತಾನೆ ಕಣ್ರೇ," ಎಂದಳು ಇನ್ನೊಬ್ಬಳು. ಹನುಮಕ್ಕ ತಿರುಗಿ ನನ್ನನ್ನು ನೋಡಿದಳು.

"ಸುಮ್ಕಿರು ಕಣಪ್ಪ. ನೀನು ಬಾಯ್ ಬುಟ್ರೆ ನಂಗೆ ಇರೋ ಜನಾನೂ ಓಯ್ತಾರೆ."

ನನ್ನೊಳಗಿನ ಇಂಜಿನಿಯರ್ ಕುರ್ಚಿ ಇಲ್ಲದಿದ್ದರೂ ಕೂತುಬಿಟ್ಟ.

ಏಕಾಂತಯ್ಯನವರು ತೀರ್ಪು ಹೇಳಿದರು. ದನಿಯಲ್ಲಿ ಬೇಕಾದಷ್ಟು ಮರುಕವಿತ್ತು. "ನೋಡಮ್ಮ, ನಿನ್ನ ಹೊಟ್ಟೆ ಮೇಲೆ ಹೊಡೆಯೋ ಪಾಪ ನನಗೆ ಬೇಡ. ಕಂಟ್ರಾಕ್ಟಲ್ಲಿ ಹೊಸದಾಗಿ ಸೇರ್ಕೊ. ಇವತ್ತೇ ಬೇಕಾದ್ರೂ ಸೇರ್ಕೊ."

"ಕಾರ್ಡು ಸ್ವಾಮಿ? ಗುರುವಾರ ನಮ್ಮನೆಯೋರಿಗೆ..."

"ಕಾರ್ಡು ಖಾಯಮ್ಮಿನೋರಿಗೆ ಅಲ್ವೇನಮ್ಮ."

ಖಾಯಮ್ಮಿನ ಪಟ್ಟಿ ಒಂದು ಹೆಸರು ಚಿಕ್ಕದಾದರೆ ಯಾರಿಗೂ ನಷ್ಟವಿರಲಿಲ್ಲ, ಒಬ್ಬ ರೇವಣ್ಣನ ಹೊರತು. ಆಪ್‌ನಲ್ಲಿ ಹೆಸರು ವಾಪಸ್ ಸೇರಿಸುವ ಬಟನ್ ಮೋಕ್ಷಿತ್‌ನ ಲಾಗಿನ್‌ನಲ್ಲಿ ಮಾತ್ರ ಇತ್ತು. ಡೇಟಾಬೇಸಿನ ಪಾಸ್‌ವರ್ಡನ್ನೂ ಆಡಿಟ್ಟಿನ ನೆಪದಲ್ಲಿ ಅವನು ಬದಲಿಸಿಟ್ಟುಕೊಂಡಿದ್ದ. ಅಳಿಸುವ ಬಟನ್ ಒಂದನ್ನು ನನಗೆ ಬಿಟ್ಟಿದ್ದ.

ಆ ದಿನ ಹನುಮಕ್ಕ ಸೇರಲಿಲ್ಲ. ಸಂಜೆ ನಾನು ಅವಳ ಮನೆಗೆ ಹೋದೆ. ಏನು ಹೇಳಲು ಹೋದೆ ಎಂದು ಕೇಳಬೇಡಿ, ನನಗೇ ಗೊತ್ತಿರಲಿಲ್ಲ. ಒಂದು ಡಜನ್ ಬಾಳೆಹಣ್ಣು ತೆಗೆದುಕೊಂಡಿದ್ದೆ, ಆಸ್ಪತ್ರೆಗೆ ಹೋಗುವವರ ಹಾಗೆ. ರೇವಣ್ಣ ಮಂಚದ ಮೇಲಿಂದಲೇ ಮಾತಾಡಿಸಿದ.

"ಬಾಪ್ಪ, ನೀನೇನಾ ನಮ್ಮವಳ ಮಕ ಅಳಿಸಿದೋನು?"

"ಅಲ್ಲ, ಅದು ಹೆಡರ್ ಅಂತ..." ಎಂದು ಶುರುಮಾಡಿದೆ. ಚೀಟಿ, ಚೀಲ ಎಂದು ಪೂರ್ತಿ ವಿವರಿಸಿದೆ. ರೇವಣ್ಣ ಗಮನವಿಟ್ಟು ಕೇಳಿದ. ಚೀಲ ಹೊತ್ತವನಿಗೆ ಚೀಟಿಯ ವಿಷಯ ಹೇಳುತ್ತಿದ್ದೇನೆ ಎಂದು ನನಗೆ ನಾಚಿಕೆಯಾಗುವ ಹೊತ್ತಿಗೆ ಅರ್ಧ ಮುಗಿದಿತ್ತು.

"ಅಂಗಾದ್ರೆ ಚೀಲ್ದೊಳಗೆ ಏನೂ ಕೆಟ್ಟಿಲ್ಲ ಅನ್ನು," ಎಂದ.

"ಏನೂ ಕೆಟ್ಟಿಲ್ಲ."

"ಆದ್ರೂ ವಾಪಸ್ ಕಳ್ಸವ್ರೆ." ಅವನು ಸೂರಿನ ಕಡೆ ನೋಡಿದ. "ಲೇ ಹನುಮಿ, ಓಗಿ ಸೇರ್ಕೊಳ್ಳೇ. ನಾನೆದ್ದು ಕುಣೀದಿದ್ರೆ ಊರಲ್ಲಿ ಯಾವ ಲಗ್ನ ನಿಂತೈತೆ?"

ಒಳಗೆ ಪಾತ್ರೆ ತೊಳೆಯುವ ಸದ್ದು ನಿಂತಿತು. "ನೀನು ಸುಮ್ಕೆ ಮಲಗು," ಎಂದಳು ಹನುಮಕ್ಕ. "ಇಷ್ಟು ವರ್ಷ ಮಾತಾಡದೆ ಇದ್ದೋನು ಈಗೇನು ಬುದ್ಧಿ ಹೇಳಕ್ಕೆ ಬಂದಿದೀಯ."

"ನೋಡಪ್ಪ," ಎಂದ ರೇವಣ್ಣ ನನಗೆ, "ಜಗಳ ಶುರು ಮಾಡಿದ್ಲು. ನಾನೆದ್ದೇಳೋವರ್ಗೂ ಕಾಯ್ತೀನಿ ಅಂದಿದ್ಲು." ನಗಲು ಹೋಗಿ ಸೊಂಟ ಹಿಡಿದುಕೊಂಡ. ನಾನು ಬಾಳೆಹಣ್ಣು ಕಿಟಕಿಯಲ್ಲಿಟ್ಟು ಬಸ್ಸಿಗೆ ಓಡಿದೆ.

ಮಾರನೆಯ ದಿನ ತುಮಕೂರಿನ ಆಸ್ಪತ್ರೆಯಿಂದ ಫೋನು ಬಂತಂತೆ, ಕಾರ್ಡು ನಡೆಯುತ್ತಿಲ್ಲ, ಹಾಸಿಗೆ ಬೇರೆಯವರಿಗೆ ಕೊಟ್ಟಿದ್ದೇವೆ ಎಂದು. ಬುಧವಾರ ಬೆಳಿಗ್ಗೆ ಹನುಮಕ್ಕ ನನ್ನ ಮೇಜಿನ ಮುಂದೆ ನಿಂತಿದ್ದಳು. ಹೊಸಬರ ಮುಖ ಸೇರಿಸುವುದು ನನ್ನ ಕೆಲಸ. ಅವಳನ್ನು ಕ್ಯಾಮೆರಾದ ಮುಂದೆ ಕೂರಿಸಿದೆ. ಆಪ್ ಒಪ್ಪಲಿಲ್ಲ. ಈ ಮುಖ ಈಗಾಗಲೇ ಇದೆ ಎಂದಿತು.

"ಏನಂತೆ?" ಎಂದಳು.

"ನಿಮ್ಮನ್ನ ಗುರ್ತು ಹಿಡೀತಿದೆ ಅಕ್ಕ. ಹೊಸಬರು ಅಂತ ಸೇರಿಸ್ಬೇಕು ಅಂದ್ರೆ ಹಳೇದನ್ನ ಅಳಿಸ್ಬೇಕು. ಅಳಿಸಿದ್ರೆ ನೀವು ಇಲ್ಲಿ ಕೆಲಸ ಮಾಡಿದ್ದೇ ಹೋಗುತ್ತೆ. ಮುಂದೆ ಯಾವತ್ತಾದ್ರೂ ಕೇಳೋಕೂ ಏನೂ ಇರಲ್ಲ."

"ಕೇಳಿದ್ರೆ ಕೊಡ್ತಾರಾ?"

ನಾನು ಮೌಸನ್ನು ಅಳಿಸುವ ಬಟನ್ನಿನವರೆಗೆ ಒಯ್ದು ನಿಲ್ಲಿಸಿದೆ.

"ಮತ್ತೆ ಏನಕ್ಕೆ ಮಡಿಕ್ಕಂಡು ಪೂಜೆ ಮಾಡಾನಾ? ಅಳಿಸಪ್ಪ. ಹೊತ್ತಾಗ್ತದೆ."

ಒತ್ತಿದೆ. ಖಚಿತವೇ ಎಂದು ಆಪ್ ಕೇಳಿತು. ಆ ಪ್ರಶ್ನೆಯೂ ನನ್ನದೇ ಕನ್ನಡ. ಅವಳು, "ಊಂ ಅನ್ನು," ಎಂದಳು. ಊಂ ಎಂದೆ. ಆಮೇಲೆ ನೇರ ನೋಡಿ, ಎಡಕ್ಕೆ ನೋಡಿ, ಬಲಕ್ಕೆ ನೋಡಿ ಎಂದು ಹೇಳಿದೆ. ನೋಡಿದಳು. ಹೊಸ ಮುಖ ಸೇರಿತು.

ಕಂಟ್ರಾಕ್ಟಿನ ಹೊಸಬರಿಗೆ ಹೆರೆಯುವ ಕೆಲಸವಿಲ್ಲ. ಚಿಪ್ಪು ಹೊತ್ತು ಹೊರಗೆ ಸುರಿಯುವುದು ಅವರ ಪಾಲು. ಹನುಮಕ್ಕ ಬುಟ್ಟಿ ಹಿಡಿದು ಷೆಡ್ಡಿಗೆ ಬಂದಾಗ ಒಂದು ಕ್ಷಣ ಚಾಕುಗಳೆಲ್ಲ ನಿಂತವು. ನಾಚಿಕೆಯನ್ನು ಎಷ್ಟು ಹೊತ್ತು ಹೊತ್ತುಕೊಂಡಿರಲಾದೀತು? ಕೆಂಪಕ್ಕನೇ ಮೊದಲು ಬಾಯಿ ಬಿಟ್ಟಳು.

"ಹೊಸ ಹೆಣ್ಣು ಬಂದೈತೆ ಕಣ್ರೇ! ಬಲಗಾಲಿಟ್ಟು ಒಳಕ್ಕೆ ಬಾರವ್ವ."

ಷೆಡ್ಡಿಗೆ ಷೆಡ್ಡೇ ನಕ್ಕಿತು. ಆಂಜನಪ್ಪನೂ ನಕ್ಕ. ಬಾಗಿಲಲ್ಲಿ ನಿಂತಿದ್ದ ನನ್ನ ಮುಖವೂ ಅಭ್ಯಾಸಬಲದಿಂದ ನಗುವಿಗೆ ಸಿದ್ಧವಾಗಿತ್ತು.

"ಬತ್ತೀನಿ ತಡಿಯೇ," ಎಂದಳು ಹನುಮಕ್ಕ. "ಹೆಣ್ಣಿಗೆ ಕೂರಕ್ಕೆ ಜಾಗ ಕೊಡು." ಕೆಂಪಕ್ಕನ ಪಕ್ಕದ ಅವಳ ಜಾಗದಲ್ಲಿ ಆಗಲೇ ಬೇರೊಬ್ಬಳು ಕೂತಿದ್ದಳು. ಯಾರೂ ಸರಿಯಲಿಲ್ಲ. ಹನುಮಕ್ಕ ಅವರ ಕಾಲಡಿಯ ಚಿಪ್ಪುಗಳನ್ನು ಬುಟ್ಟಿಗೆ ಬಾಚಿಕೊಂಡು, ಬುಟ್ಟಿಯನ್ನು ತಲೆ ಮೇಲೆ ಹೊತ್ತುಕೊಂಡು ಹೊರಗೆ ಹೋದಳು.

ಮರುದಿನ ಗುರುವಾರ. ರೇವಣ್ಣನ ಆಪರೇಷನ್ ಆಗಬೇಕಿದ್ದ ದಿನ. ಹೊಸದಾಗಿ ಸೇರಿದವರಿಗೆ ರಜೆ ಇಲ್ಲದ್ದರಿಂದ ಹನುಮಕ್ಕ ಕೆಲಸಕ್ಕೆ ಬಂದಳು. ನಾನು ಗೇಟಿನ ಹತ್ತಿರ ಟ್ಯಾಬಿನ ವೈರು ಸರಿಮಾಡುತ್ತಿದ್ದೆ, ಅಥವಾ ಮಾಡುವ ಹಾಗೆ ನಿಂತಿದ್ದೆ.

"ರೇವಣ್ಣಾರು ಹೆಂಗವ್ರೆ ಅಕ್ಕ?"

"ಮಲಗವ್ರೆ," ಎಂದು, ಟ್ಯಾಬಿನ ಮುಂದೆ ಒಂದು ಗಳಿಗೆ ನಿಂತು, ಹಸಿರು ಬಂದ ಮೇಲೆ ಒಳಗೆ ಹೋದಳು.